ಒಡೆಯುವ ತನಕ ಕಾಯುವುದು ಉಳಿತಾಯವಲ್ಲ

ವಾಷಿಂಗ್ ಮಷಿನ್‌ಗೆ ನೀರು ತರುವ ಪೈಪನ್ನು ಯಾವಾಗ ಬದಲಿಸಬೇಕು? ಕೊಹಿನೂರದಲ್ಲಿ ಕೇಳಿ, ಬಸವಕಲ್ಯಾಣದಲ್ಲಿ ಕೇಳಿ, ಹುಮನಾಬಾದಿನಲ್ಲಿ ಕೇಳಿ, ಉತ್ತರ ಒಂದೇ: ಒಡೆದಾಗ. ಮನೆಯ ಯಜಮಾನರು ಹಾಗೆನ್ನುತ್ತಾರೆ. ಮಷಿನ್ ಮಾರಿದ ಅಂಗಡಿಯವರೂ ಹಾಗೇ ಅನ್ನುತ್ತಾರೆ. ರಿಪೇರಿಗೆ ಬಂದ ಹುಡುಗ ಪೈಪನ್ನು ಒಮ್ಮೆ ಹಿಚುಕಿ ನೋಡಿ, "ಇನ್ನ ಭಾಳ ದಿನ ನಡೀತದ ಬಿಡ್ರಿ ಅಕ್ಕಾ" ಎಂದು ಚೀಲ ಎತ್ತಿಕೊಂಡು ಹೊರಡುತ್ತಾನೆ. ಸೋರದ ಪೈಪನ್ನು ಬಿಚ್ಚಿಸಿ ಹೊಸದು ಹಾಕಿಸಿದವರನ್ನು ಓಣಿಯ ಜನ ದುಂದುಗಾರರ ಲೆಕ್ಕಕ್ಕೆ ಸೇರಿಸುತ್ತಾರೆ.

ಈ ಅಭಿಪ್ರಾಯ ತಪ್ಪು. ಅದರಲ್ಲಿ ಅರ್ಧ ಸತ್ಯವೂ ಇಲ್ಲ. ನೀರಿನ ಪೈಪಿಗೆ ಆಯುಷ್ಯವಿದೆ, ಆ ಆಯುಷ್ಯವನ್ನು ವರ್ಷದಲ್ಲಿ ಎಣಿಸಬೇಕು, ಅದು ತೀರುವ ಮೊದಲೇ ಪೈಪನ್ನು ತೆಗೆಯಬೇಕು. ಒಡೆಯುವ ತನಕ ಕಾಯುವವರು ಕೆಲವು ನೂರು ರೂಪಾಯಿ ಉಳಿಸಿದೆವೆಂದು ಭಾವಿಸುತ್ತಾರೆ. ಆದರೆ ಆ ಕಾಯುವಿಕೆಯ ಬೆಲೆಯನ್ನು ಕೊಡುವವರು ಬೇರೆ. "ನಡೀತದ" ಎಂದವರು ಆ ಹೊತ್ತಿಗೆ ಅಂಗಡಿಯಲ್ಲೋ ಹೊಲದಲ್ಲೋ ಇರುತ್ತಾರೆ. ನೆಲಕ್ಕೆ ಕೂತು ನೀರು ಬಳಿಯುವವರು ಮನೆಯ ಹೆಣ್ಣುಮಕ್ಕಳು.

ಇಷ್ಟು ಸಣ್ಣ ಸಂಗತಿಗೆ ಇಷ್ಟು ದೊಡ್ಡ ಮಾತು ಏಕೆ ಎನ್ನಬಹುದು. ಸಂಗತಿ ಸಣ್ಣದಲ್ಲ. ಒಂದು ಕಾಲಕ್ಕೆ ಬೀದರ್ ಜಿಲ್ಲೆಯ ಹಳ್ಳಿಗಳಲ್ಲಿ ವಾಷಿಂಗ್ ಮಷಿನ್ ನೌಕರದಾರರ ಮನೆಯ ವಸ್ತುವಾಗಿತ್ತು. ಈಗ ಹೋಬಳಿ ಊರುಗಳ ಸಾಧಾರಣ ಮನೆಗಳ ಬಚ್ಚಲ ಪಕ್ಕದಲ್ಲೂ ಅದು ನಿಂತಿದೆ. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲ ಜೀವನ್ ಮಿಷನ್ ಮನೆಯಂಗಳಕ್ಕೆ ನಳ ತರುವ ಮಾತು ಕೊಟ್ಟಿತು. 2023ರಲ್ಲಿ ಗೃಹಜ್ಯೋತಿಯಿಂದ ತಿಂಗಳಿಗೆ 200 ಯೂನಿಟ್‌ವರೆಗಿನ ಕರೆಂಟ್ ಬಿಲ್ಲಿನ ಭಾರ ಇಳಿಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಆರಂಭವಾದ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿಯನ್ನು ಕೂಡಿಟ್ಟು ಫ್ರಿಜ್ಜು, ಮಷಿನ್ ಕೊಂಡ ಹೆಣ್ಣುಮಕ್ಕಳ ಸುದ್ದಿಯನ್ನು ನಾಡಿನ ಪತ್ರಿಕೆಗಳಲ್ಲಿ ಓದಿದ್ದೇವೆ. ಹಳ್ಳದ ಬಂಡೆಗೆ, ಬೋರಿನ ಕಟ್ಟೆಗೆ ಗಂಟು ಹೊತ್ತು ಹೋಗಿ ಸೊಂಟ ಬಗ್ಗಿಸಿ ಅರಬಿ ಒಗೆದ ತಲೆಮಾರು ಇನ್ನೂ ನಮ್ಮ ಕಣ್ಣ ಮುಂದಿದೆ. ಅವರ ಸೊಸೆಯಂದಿರಿಗೆ ಸಿಕ್ಕ ಬಿಡುವು ಒಂದು ಮಷಿನ್ ಮೇಲೆ ನಿಂತಿದೆ, ಆ ಮಷಿನ್ ನಡೆಯುವುದು ಒಂದೂವರೆ ಮೀಟರ್ ಉದ್ದದ ರಬ್ಬರ್ ಪೈಪಿನ ಮೇಲೆ. ಆ ಪೈಪನ್ನು ಯಾರೂ ನೋಡುವುದಿಲ್ಲ ಎಂಬುದೇ ನನ್ನ ತಕರಾರು.

ಒಮ್ಮೆ ಮಷಿನನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆದು, ಹಿಂದೆ ಬಗ್ಗಿ ನೋಡಿ. ಏಳೆಂಟು ವರ್ಷ ಹಳೆಯ ಪೈಪು ತನ್ನ ಕಥೆಯನ್ನು ತಾನೇ ಹೇಳುತ್ತದೆ. ಮಷಿನ್‌ಗೆ ಕೂಡುವ ಕಡೆ ಪ್ಲಾಸ್ಟಿಕ್ ನಟ್ಟಿನ ಸುತ್ತ ಬಿಳಿಯ ಉಪ್ಪು ಹರಳುಗಟ್ಟಿರುತ್ತದೆ; ಅಂದರೆ ಅಲ್ಲಿ ನೀರು ಬಹಳ ದಿನದಿಂದ ಜಿನುಗುತ್ತಿದೆ, ಬಿಸಿಲಿಗೆ ಆರುತ್ತಿದೆ, ಯಾರ ಕಣ್ಣಿಗೂ ಬಿದ್ದಿಲ್ಲ. ನಟ್ಟಿನಿಂದ ಎರಡು ಬೆರಳು ಕೆಳಗೆ, ಪೈಪು ಬಾಗುವ ಜಾಗದಲ್ಲಿ, ಬೆರಳಿಟ್ಟು ಮಡಿಸಿದರೆ ಕೂದಲೆಳೆಯ ಬಿರುಕುಗಳು ತೆರೆದುಕೊಳ್ಳುತ್ತವೆ. ಗೋಡೆಗೆ ಒತ್ತಿದ ಕಡೆ ಪೈಪು ಚಪ್ಪಟೆಯಾಗಿ ಮಡಿಕೆಯ ಗುರುತು ಬಿದ್ದಿರುತ್ತದೆ. ಕೆಲವದರ ಮೈಮೇಲೆ ಸಣ್ಣ ಉಬ್ಬು ಕಾಣುತ್ತದೆ. ಒಳಗಿನ ನೂಲಿನ ಹೆಣಿಗೆ ಹರಿದು, ಹೊರಪದರವೊಂದೇ ನೀರನ್ನು ತಡೆದಿದೆ ಎಂಬುದರ ಗುರುತು ಅದು. ಆ ಉಬ್ಬು ಕಂಡ ದಿನವೇ ಪೈಪು ತೆಗೆಯಬೇಕು, ಮರುದಿನಕ್ಕೆ ಬಿಡಬಾರದು.

ಇದೆಲ್ಲ ಏಕಾಗುತ್ತದೆ ಎಂಬುದರಲ್ಲಿ ಗುಟ್ಟೇನಿಲ್ಲ. ರಬ್ಬರು ಗಾಳಿ ಮತ್ತು ಬಿಸಿಗೆ ವರ್ಷ ಕಳೆದಂತೆ ಗಡುಸಾಗುತ್ತದೆ. ಪಿವಿಸಿ ಪೈಪನ್ನು ಮೆದುವಾಗಿಡುವ ಅಂಶ ನಿಧಾನವಾಗಿ ಆರಿಹೋಗುತ್ತದೆ. ನಮ್ಮ ಮನೆಗಳಲ್ಲಿ ಮಷಿನ್‌ಗೆ ಒಳಗೆ ಜಾಗ ಸಿಗುವುದು ಕಡಿಮೆ. ಅಂಗಳದಲ್ಲೋ, ಹಿತ್ತಲಲ್ಲೋ, ಮಾಳಿಗೆಯ ಮೇಲೆ ಟಾಕಿಯ ಬುಡದಲ್ಲೋ ನಿಲ್ಲಿಸುತ್ತೇವೆ. ಏಪ್ರಿಲ್, ಮೇ ತಿಂಗಳ 40 ಡಿಗ್ರಿ ದಾಟುವ ಬಿಸಿಲು ನೇರ ಪೈಪಿನ ಮೇಲೆ ಬೀಳುತ್ತದೆ. ಜೊತೆಗೆ ಕಪ್ಪುಕಲ್ಲಿನ ಪದರದಿಂದ ಬರುವ ಬೋರಿನ ಸವಳು ನೀರು; ಅದರ ಸುಣ್ಣ ವಾಷರಿನ ಮೇಲೆ, ನಟ್ಟಿನ ಎಳೆಗಳಲ್ಲಿ, ವಾಲ್ವಿನ ಬಾಯಿಯ ಸಣ್ಣ ಜಾಳಿಗೆಯಲ್ಲಿ ಕೂರುತ್ತದೆ. ಇದರ ಮೇಲೆ ಇನ್ನೊಂದು ಪೆಟ್ಟು ಇದೆ. ಮಷಿನ್‌ನೊಳಗಿನ ಕರೆಂಟ್ ವಾಲ್ವು ನೀರನ್ನು ಒಮ್ಮೆಲೇ ನಿಲ್ಲಿಸುತ್ತದೆ. ಹರಿಯುತ್ತಿದ್ದ ನೀರು ತಟ್ಟನೆ ನಿಂತಾಗ ಪೈಪಿನೊಳಗೆ ಒತ್ತಡ ಜಿಗಿಯುತ್ತದೆ, ಕೆಲವು ಮನೆಗಳಲ್ಲಿ ಗೋಡೆಯೊಳಗೆ "ಠಕ್" ಎಂದು ಕೇಳುವುದು ಅದೇ. ಒಂದು ಒಗೆತದಲ್ಲಿ ಇದು ಹಲವು ಸಲ ನಡೆಯುತ್ತದೆ. ಹೀಗೆ ವರ್ಷಗಟ್ಟಲೆ ಪೆಟ್ಟು ತಿಂದ ಪೈಪನ್ನು ಕೈಯಿಂದ ಹಿಚುಕಿ ನೋಡಿ "ಗಟ್ಟಿ ಅದ" ಎನ್ನುವುದು ಪರೀಕ್ಷೆಯೇ ಅಲ್ಲ. ಹಳೆಯ ರಬ್ಬರು ಗಟ್ಟಿಯಾಗಿರುವುದೇ ಅದರ ರೋಗ.

ಇನ್ನು ನೀರಿನ ಲೆಕ್ಕ. ಟಾಕಿಯಿಂದ ಇಳಿಯುವ ಅರ್ಧ ಇಂಚಿನ ನಳ ನಿಮಿಷಕ್ಕೆ 10 ಲೀಟರ್ ಬಿಡುತ್ತದೆ ಎಂದುಕೊಳ್ಳೋಣ. ನಂಬಿಕೆ ಬರದಿದ್ದರೆ ಒಂದು ಬಕೆಟ್ ಇಟ್ಟು ಗಡಿಯಾರ ನೋಡಬಹುದು. ಪೈಪು ಕಿತ್ತುಹೋದರೆ ತಾಸಿಗೆ 600 ಲೀಟರ್ ಹೋಯಿತು. 1,000 ಲೀಟರಿನ ಸಿಂಟೆಕ್ಸ್ ಎರಡು ತಾಸಿನೊಳಗೆ ಬರಿದಾಯಿತು. ಜಲ ಜೀವನ್ ಮಿಷನ್ ಹಳ್ಳಿಯ ಒಬ್ಬ ಮನುಷ್ಯನಿಗೆ ದಿನಕ್ಕೆ ಇಟ್ಟ ಅಳತೆ 55 ಲೀಟರ್. ಆ ಲೆಕ್ಕದಲ್ಲಿ ಐದು ಜನರ ಮನೆಗೆ ದಿನಕ್ಕೆ 275 ಲೀಟರ್. ಒಂದು ಟಾಕಿ ನೀರೆಂದರೆ ಆ ಕುಟುಂಬದ ಮೂರೂವರೆ ದಿನದ ಕುಡಿಯುವ, ಅಡುಗೆಯ, ಸ್ನಾನದ, ಬಳಕೆಯ ನೀರು. ಅದು ಎರಡು ತಾಸಿನಲ್ಲಿ ಮೋರಿ ಸೇರಿತು. ಕಿತ್ತುಹೋಗದೆ ಬರೀ ಜಿನುಗಿದರೂ ನಷ್ಟ ಕಡಿಮೆಯಲ್ಲ. ಸೆಕೆಂಡಿಗೆ ಒಂದು ಹನಿ, 20 ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೂ ದಿನಕ್ಕೆ 4 ಲೀಟರ್ ದಾಟುತ್ತದೆ, ವರ್ಷಕ್ಕೆ 1,500 ಲೀಟರ್ ಮೀರುತ್ತದೆ.

ಈ ಲೆಕ್ಕ ಬೇರೆಲ್ಲಾದರೂ ಹಗುರವಾಗಿ ಕಂಡೀತು, ನಮ್ಮ ಸೀಮೆಯಲ್ಲಿ ಕಾಣಬಾರದು. ಬೀದರಿನ ಜನ ಬಹಮನಿ ಸುಲ್ತಾನರ ಕಾಲದಲ್ಲೇ ನೆಲದಡಿ ಸುರಂಗ ಕೊರೆದು ಹನಿ ಹನಿ ನೀರನ್ನು ಊರಿಗೆ ತಂದವರು; ನೌಬಾದಿನ ಸುರಂಗ ಬಾವಿ ಇಂದಿಗೂ ಅದಕ್ಕೆ ಸಾಕ್ಷಿ. 2016ರ ಏಪ್ರಿಲ್‌ನಲ್ಲಿ ನಮ್ಮ ಗಡಿಗೆ ಹೊಂದಿದ ಲಾತೂರಿಗೆ 300 ಕಿಲೋಮೀಟರಿಗೂ ದೂರದ ಮಿರಜ್‌ನಿಂದ ರೈಲಿನಲ್ಲಿ ಕುಡಿಯುವ ನೀರು ತರಬೇಕಾಯಿತು. ಮೊದಲ ರೈಲಿನ ಹತ್ತು ವ್ಯಾಗನ್‌ಗಳಲ್ಲಿ ಬಂದದ್ದು ಸುಮಾರು 5 ಲಕ್ಷ ಲೀಟರ್. ಅಂದರೆ 500 ಮನೆಯ ಟಾಕಿಗಳಷ್ಟು. ಅಷ್ಟು ನೀರಿಗಾಗಿ ದೇಶವೇ ಆ ರೈಲನ್ನು ನೋಡುತ್ತ ನಿಂತಿತ್ತು. ಅಂಥ ಬೇಸಿಗೆ ಕಂಡ ನೆಲದಲ್ಲಿ ಒಂದು ಟಾಕಿ ನೀರು ಮೋರಿಗೆ ಹೋದರೆ "ಏನಾತೀಗ" ಎನ್ನುವ ಹಕ್ಕು ಯಾರಿಗೂ ಇಲ್ಲ.

ಈ ವಾದಕ್ಕೆ ಎದುರು ಬರುವ ಮಾತುಗಳಲ್ಲಿ ಕೆಲವು ತೂಕದವು. ಅವನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು: "ನಮ್ಮ ಕಡೆ ನೀರಿಗೆ ಫೋರ್ಸೇ ಇಲ್ಲ, ಪೈಪು ಹೆಂಗ ಒಡೀತದ?" ಇದರಲ್ಲಿ ನಿಜಾಂಶವಿದೆ. ನೀರಿನ ಮಟ್ಟ ಹತ್ತು ಮೀಟರ್ ಎತ್ತರದಲ್ಲಿದ್ದರೆ ಹೆಚ್ಚುಕಡಿಮೆ ಒಂದು ಬಾರ್ ಒತ್ತಡ. ಒಂದೇ ಅಂತಸ್ತಿನ ಮನೆಯ ಮಾಳಿಗೆಯ ಟಾಕಿ ಕೊಡುವುದು 0.3 ಬಾರ್ ಆಸುಪಾಸು; ಅನೇಕ ಮಷಿನ್‌ಗಳಿಗೆ ಬೇಕಾದ ಕನಿಷ್ಠವೇ ಅಷ್ಟು. ಇಷ್ಟು ಒತ್ತಡಕ್ಕೆ ಹೊಸ ಪೈಪು ಒಡೆಯುವುದಿಲ್ಲ, ಒಪ್ಪಿದೆ. ಆದರೆ ನಮ್ಮಲ್ಲಿ ಪೈಪು ಕೆಡುವುದು ಬರೀ ಒತ್ತಡದಿಂದಲ್ಲ. ಬಿಸಿಲಿಗೆ ಬಿರಿಯುತ್ತದೆ, ಇಲಿ ಕಡಿಯುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ ನಳದಿಂದ ಜಾರುತ್ತದೆ. ಎಳೆಯಿಲ್ಲದ ಸಾದಾ ನಳದ ಮೂತಿಗೆ ನಾಲ್ಕು ಸ್ಕ್ರೂ ಬಿಗಿದು ಕೂರಿಸುವ ಪ್ಲಾಸ್ಟಿಕ್ ಕಪ್ಲಿಂಗ್ ಎಲ್ಲರಿಗೂ ಗೊತ್ತು. ಪ್ರತಿ ಒಗೆತದ ನಡುಕಕ್ಕೆ ಆ ಸ್ಕ್ರೂಗಳು ಸಡಿಲವಾಗುತ್ತವೆ, ಒಳಗಿನ ರಬ್ಬರು ಕುಗ್ಗುತ್ತದೆ, ಒಂದು ದಿನ ಕಪ್ಲಿಂಗ್ ಸಮೇತ ಪೈಪು ಕೆಳಗೆ ಬೀಳುತ್ತದೆ. ಇದಕ್ಕೆ 0.3 ಬಾರ್ ಧಾರಾಳ ಸಾಕು. ಮೇಲಾಗಿ, ನೀರು ಸಣ್ಣಗೆ ಬರುತ್ತದೆ ಎಂದು ಎಷ್ಟು ಮನೆಗಳಲ್ಲಿ ಈಗ ಪ್ರೆಶರ್ ಪಂಪು ಕೂರಿಸಿದ್ದಾರೆ? ಪಂಪು ಬಂದ ದಿನ ಪೈಪಿನ ಮೇಲಿನ ಒತ್ತಡ ಐದಾರು ಪಟ್ಟಾಗುತ್ತದೆ. ಪೈಪು ಮಾತ್ರ ಹಳೆಯದೇ.

ಎರಡನೆಯದು ಎಲ್ಲಕ್ಕಿಂತ ಬಲವಾದ ಮಾತು: "ಒಗೆದ ಮ್ಯಾಲ ನಳ ಬಂದ್ ಮಾಡಿದ್ರ ಆತಲ್ಲ, ಪೈಪ್ ಯಾಕ ಬದಲಿ ಮಾಡ್ಬೇಕು?" ನಳ ಬಂದ್ ಮಾಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಮಷಿನ್ ಬಂದ್ ಇದ್ದರೂ ನಳ ತೆರೆದಿದ್ದರೆ ಟಾಕಿಯ ಇಡೀ ನೀರಿನ ಭಾರ ಹಗಲೂ ರಾತ್ರಿ ಆ ಪೈಪಿನ ಮೇಲೇ ನಿಂತಿರುತ್ತದೆ. ನಳ ತಿರುಗಿಸಿದರೆ ಆ ಭಾರ ಇಳಿಯುತ್ತದೆ, ಪೈಪಿನ ಬಾಳಿಕೆಯೂ ಹೆಚ್ಚುತ್ತದೆ. ಆದರೆ ಮಷಿನ್ ನಡೆಯುವ ತಾಸು, ಒಂದೂವರೆ ತಾಸು ನಳ ತೆರೆದೇ ಇರಬೇಕಲ್ಲ? ಆ ಹೊತ್ತಿನಲ್ಲಿ ಯಾರೂ ಅದರ ಪಕ್ಕ ಕಾವಲು ಕೂರುವುದಿಲ್ಲ, ಕೂರಲೂಬಾರದು. ಕೂರುವುದಾದರೆ ಮಷಿನ್ ಏಕೆ ಬೇಕಿತ್ತು? ಅರಬಿ ಹಾಕಿ ಗುಂಡಿ ಒತ್ತಿ, ಅಂಗನವಾಡಿಯಿಂದ ಮಗುವನ್ನು ಕರೆತರಲು ಹೋಗುತ್ತಾರೆ, ಹೊಲಕ್ಕೆ ಬುತ್ತಿ ಒಯ್ಯುತ್ತಾರೆ. ಒತ್ತಡ ಜಿಗಿಯುವುದೂ ಅದೇ ಹೊತ್ತಿನಲ್ಲಿ, ಪೈಪು ಕೈಕೊಡುವ ಸಂಭವ ಹೆಚ್ಚಿರುವುದೂ ಅದೇ ಹೊತ್ತಿನಲ್ಲಿ. ಆದ್ದರಿಂದ ನಳ ಬಂದ್ ಮಾಡುವುದು ಪೈಪು ಬದಲಿಸುವುದಕ್ಕೆ ಬದಲಿಯಾಗುವುದಿಲ್ಲ. ಎರಡೂ ಬೇಕು.

ಮೂರನೆಯದು: "ಇದೆಲ್ಲ ಕಂಪನಿಯವರ ಮಾರಾಟದ ಉಪಾಯ." ಮಷಿನ್ ಜೊತೆ ಸ್ಟ್ಯಾಂಡು, ಹೊದಿಕೆ, ತರಹೇವಾರಿ ಪುಡಿಗಳನ್ನು ಗಂಟು ಹಾಕುವ ವ್ಯಾಪಾರ ನೋಡಿದವರಿಗೆ ಈ ಅನುಮಾನ ಬರುವುದು ಸಹಜ, ಅವರನ್ನು ದೂರುವುದಿಲ್ಲ. ಆದರೆ ಪೈಪಿನ ಮಾತು ಆ ಸಾಲಿಗೆ ಸೇರುವುದಿಲ್ಲ. ಮನೆಬಳಕೆಯ ವಿದ್ಯುತ್ ಉಪಕರಣಗಳ ಸುರಕ್ಷತೆಗೆ ಜಗತ್ತು ಒಪ್ಪಿಕೊಂಡ ಐಇಸಿ 60335 ಮಾನದಂಡವು, ಮಷಿನ್ ಜೊತೆ ಬಂದ ಹೊಸ ಪೈಪನ್ನೇ ಬಳಸಬೇಕು, ಹಳೆಯದನ್ನು ಮರಳಿ ಜೋಡಿಸಬಾರದು ಎಂಬ ಸೂಚನೆಯನ್ನು ಕೈಪಿಡಿಯಲ್ಲಿ ಕೊಡಬೇಕೆನ್ನುತ್ತದೆ. ಪೈಪುಗಳು ಒಡೆದು ಅನಾಹುತವಾಗದಂತೆ ನೋಡಿಕೊಳ್ಳಲು ಐಇಸಿ 61770 ಎಂಬ ಬೇರೊಂದು ಮಾನದಂಡವಿದೆ. ಅಮೆರಿಕದಲ್ಲಿ ವರ್ಲ್‌ಪೂಲ್ ಕೈಪಿಡಿಗಳು ನೀರಿನ ಪೈಪನ್ನು 5 ವರ್ಷಕ್ಕೆ ಬದಲಿಸಿ ಎಂದು ನೇರವಾಗಿ ಬರೆಯುತ್ತವೆ. ನಮ್ಮಲ್ಲಿ ಮಾರಾಟಗಾರ ಈ ಪೈಪನ್ನು ಕೊಳ್ಳಿ ಎಂದು ಬೆನ್ನು ಬೀಳುವುದೂ ಇಲ್ಲ, ಏಕೆಂದರೆ ಅದರಲ್ಲಿ ಅವನಿಗೆ ಹೇಳಿಕೊಳ್ಳುವ ಲಾಭವಿಲ್ಲ. ಕಂಪನಿಯ ಹೆಸರಿದ್ದದ್ದೇ ಬೇಕೆಂದೂ ಇಲ್ಲ. ನೂಲಿನ ಹೆಣಿಗೆಯಿರುವ, ಒತ್ತಡದ ಅಳತೆಯನ್ನು ಮೈಮೇಲೆ ಅಚ್ಚು ಹಾಕಿದ, ಮುಕ್ಕಾಲು ಇಂಚಿನ ನಟ್ಟಿನ ಒಳ್ಳೆಯ ಪೈಪು ಹುಮನಾಬಾದಿನ, ಬಸವಕಲ್ಯಾಣದ ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಐದು ವರ್ಷಕ್ಕೆ ಹಂಚಿದರೆ ತಿಂಗಳಿಗೆ ಒಂದು ಚಹಾದ ಖರ್ಚಿಗಿಂತ ಅದು ಹೆಚ್ಚಾಗಲಾರದು.

ಸ್ಟೀಲ್ ಜಾಳಿಗೆಯ ಪೈಪು ಹಾಕಿಬಿಟ್ಟರೆ ಜೀವಮಾನವಿಡೀ ಚಿಂತೆಯಿಲ್ಲ ಎಂಬ ಮಾತೂ ಈಗೀಗ ಹಬ್ಬಿದೆ. ಆ ಪೈಪು ಸಾದಾ ಪೈಪಿಗಿಂತ ಗಟ್ಟಿ, ಇಲಿಯ ಹಲ್ಲಿಗೂ ಸುಲಭಕ್ಕೆ ಸಿಗದು. ಆದರೆ ಸ್ಟೀಲು ಇರುವುದು ಹೊರಗೆ, ನೀರು ಹರಿಯುವುದು ಒಳಗಿನ ರಬ್ಬರಿನಲ್ಲಿ. ಆ ರಬ್ಬರಿಗೂ ಆಯುಷ್ಯವಿದೆ. ವ್ಯತ್ಯಾಸ ಇಷ್ಟೇ, ಇಲ್ಲಿ ಬಿರುಕು ಕಣ್ಣಿಗೆ ಕಾಣುವುದಿಲ್ಲ. ಕಾಣದ್ದನ್ನು ಕಣ್ಣಿನಿಂದ ಕಾಯಲಾಗದು, ತಾರೀಖಿನಿಂದ ಕಾಯಬೇಕು.

ನಾಲ್ಕನೆಯದು ನಮ್ಮ ಹೆಮ್ಮೆಯ ಮಾತು: ಜುಗಾಡ. ಬಿರುಕಿಗೆ ಎಂಸೀಲ್ ಮೆತ್ತು, ಸೈಕಲ್ ಟ್ಯೂಬ್ ಸೀಳಿ ಸುತ್ತು, ತಂತಿ ಬಿಗಿ, ನಡೆಸು. ಕೈಯಲ್ಲಿದ್ದುದರಲ್ಲೇ ಕೆಲಸ ಮಾಡುವ ಜಾಣ್ಮೆಯನ್ನು ನಾನು ಗೌರವಿಸುತ್ತೇನೆ. ನಡುರಾತ್ರಿ ಪೈಪು ಬಿರಿದಾಗ ಬೆಳಗಿನ ತನಕ ಟ್ಯೂಬ್ ಸುತ್ತುವುದು ಸರಿಯೇ. ಅದನ್ನೇ ಎರಡು ವರ್ಷ ನಡೆಸುವುದು ಸರಿಯಲ್ಲ. ಬಾಗುವ ರಬ್ಬರಿನ ಮೇಲೆ ಬಾಗದ ಎಂಸೀಲ್ ನಿಲ್ಲುವುದಿಲ್ಲ, ಮೊದಲ ನಡುಕಕ್ಕೇ ಅಂಚು ಬಿಡುತ್ತದೆ. ಬಿಗಿದ ತಂತಿ ಹಳೆಯ ರಬ್ಬರನ್ನು ಕೊಯ್ಯುತ್ತದೆ.

ಯಂತ್ರ ಗೊತ್ತಿಲ್ಲದ ಊರು ನಮ್ಮದು ಎಂದು ಯಾರೂ ಹೇಳುವಂತಿಲ್ಲ. ಪುಣೆ–ಹೈದರಾಬಾದ್ ಹೆದ್ದಾರಿ ನಮ್ಮ ಎದೆಯ ಮೇಲೇ ಹಾದುಹೋಗುತ್ತದೆ. ಸಸ್ತಾಪುರ ಬಂಗ್ಲಾದಲ್ಲಿ ನಿಲ್ಲುವ ಯಾವ ಲಾರಿ ಡ್ರೈವರನನ್ನು ಬೇಕಾದರೂ ಕೇಳಿ. ರೇಡಿಯೇಟರಿನ ಹೋಸ್ ಪೈಪು ಉಬ್ಬಿದ್ದು ಕಂಡರೆ ಆತ ಘಟ್ಟ ಹತ್ತುವುದಿಲ್ಲ. ಬ್ರೇಕಿನ ಪೈಪು ಒಡೆದ ಮೇಲೆ ಬದಲಿಸೋಣ ಎನ್ನುವ ಮಾಲೀಕನೂ ಇಲ್ಲ. ಅಲ್ಲಿ ರಬ್ಬರಿಗೆ ವಯಸ್ಸಾಗುತ್ತದೆ ಎಂಬ ತಿಳಿವಳಿಕೆ ಎಲ್ಲರಿಗೂ ಇದೆ. ಅದೇ ಮನುಷ್ಯ ಮನೆಗೆ ಬಂದು ಬಚ್ಚಲ ಪಕ್ಕದ ರಬ್ಬರಿಗೆ ವಯಸ್ಸೇ ಆಗುವುದಿಲ್ಲ ಎಂಬಂತೆ ಮಾತಾಡುತ್ತಾನೆ. ತಿಳಿವಳಿಕೆಗೆ ಇಲ್ಲಿ ಕೊರತೆಯಿಲ್ಲ. ಲಾರಿ ನಿಂತರೆ ಗಂಡಸಿನ ದುಡಿಮೆ ನಿಲ್ಲುತ್ತದೆ, ಮಷಿನ್ ನಿಂತರೆ ಹೆಂಗಸಿನ ಬೆನ್ನು ಬಾಗುತ್ತದೆ. ಯಾವ ಪೈಪಿಗೆ ಗಮನ ಸಿಗಬೇಕೆಂದು ನಾವು ತೀರ್ಮಾನಿಸಿರುವುದು ಆ ಲೆಕ್ಕದ ಮೇಲೆ.

ಹೊಲಸು ನೀರು ಹೊರಹಾಕುವ ಡ್ರೇನ್ ಪೈಪಿನ ಗತಿ ಇನ್ನೂ ಕಷ್ಟ. ಅದಕ್ಕೆ ಒತ್ತಡವಿಲ್ಲ ಎಂಬ ಕಾರಣಕ್ಕೆ ಅದನ್ನು ಯಾರೂ ಪೈಪೆಂದೇ ಎಣಿಸುವುದಿಲ್ಲ. ಸುಕ್ಕುಸುಕ್ಕಾದ ಆ ಪ್ಲಾಸ್ಟಿಕ್ ಪೈಪಿನ ಮಡಿಕೆಗಳಲ್ಲಿ ಸೋಪಿನ ಗಸಿ, ನೂಲಿನ ಧೂಳು ಕಟ್ಟಿಕೊಳ್ಳುತ್ತದೆ. ಮೋರಿಯ ಕಡೆಯಿಂದ ಬಂದ ಇಲಿಗೆ ಮೊದಲು ಸಿಗುವುದು ಅದೇ. ನಮ್ಮ ಬಹುಪಾಲು ಮನೆಗಳಲ್ಲಿರುವ ಎರಡು ತೊಟ್ಟಿಯ ಸೆಮಿ ಆಟೊಮ್ಯಾಟಿಕ್ ಮಷಿನ್‌ಗಳಲ್ಲಿ ನೀರು ತಾನಾಗಿ ಇಳಿದು ಹೋಗಬೇಕು, ಆದ್ದರಿಂದ ಪೈಪು ನೆಲಕ್ಕೆ ತಾಗಿ, ಎಲ್ಲೂ ಮೇಲೇಳದಂತೆ ಇಳಿಜಾರಾಗಿ ಇರಬೇಕು. ಮುಂದೆ ಬಾಗಿಲಿರುವ ಮಷಿನ್‌ಗಳಲ್ಲಿ ಇದಕ್ಕೆ ಉಲ್ಟಾ. ಪಂಪು ನೀರನ್ನು ಎತ್ತಿ ಹಾಕುತ್ತದೆ. ಪೈಪಿನ ತುದಿಯನ್ನು ಕೈಪಿಡಿ ಹೇಳಿದಷ್ಟು, ಸಾಮಾನ್ಯವಾಗಿ ಮೊಳಕಾಲಿಗಿಂತ ಮೇಲೆ, ಎತ್ತಿ ಕಟ್ಟಬೇಕು. ನೆಲದಲ್ಲಿ ಬಿಟ್ಟರೆ ಒಳಗೆ ತುಂಬಿದ ನೀರೆಲ್ಲ ತಾನೇ ಹರಿದುಹೋಗಿ ಮಷಿನ್ ಮತ್ತೆ ಮತ್ತೆ ನೀರು ಎಳೆಯುತ್ತದೆ. "ಮಷಿನ್ ಭಾಳ ನೀರು ಕುಡೀತದ" ಎಂಬ ಎಷ್ಟೋ ದೂರುಗಳ ಮೂಲ ಇಲ್ಲಿದೆ. ಸೆಮಿ ಆಟೊಮ್ಯಾಟಿಕ್‌ನಲ್ಲಿ ನೀರಿನ ಪೈಪು ಬರೀ ಮೇಲಿಂದ ತೊಟ್ಟಿಗೆ ಸುರಿಯುತ್ತದೆ, ಅಲ್ಲಿ ಒಡೆಯುವ ಭಯ ಕಡಿಮೆ ಎಂಬುದು ನಿಜ. ಅಲ್ಲಿ ವರ್ಷವರ್ಷ ನೋಡಬೇಕಾದದ್ದು ಈ ಡ್ರೇನ್ ಪೈಪನ್ನು.

ನೀರಿಗಿಂತ ದೊಡ್ಡ ಅಪಾಯವೊಂದಿದೆ, ಅದನ್ನು ಹೇಳದೆ ಮುಂದೆ ಹೋಗಲಾಗದು. ಸೋರಿದ ನೀರು ಶಹಾಬಾದ್ ಫರಸಿಯ ಮೇಲೆ ತೆಳ್ಳಗೆ ಹರಡಿ ನಿಲ್ಲುತ್ತದೆ. ಮಷಿನ್‌ನ ವೈರು, ಎಕ್ಸ್‌ಟೆನ್ಷನ್ ಬೋರ್ಡು ಅದೇ ನೆಲದ ಮೇಲಿರುತ್ತವೆ. ಹಳೆಯ ಮನೆಗಳಲ್ಲಿ ಮೂರು ಪಿನ್ನಿನ ಬೋರ್ಡು ಇರುತ್ತದೆ, ಮೂರನೆಯ ತಂತಿ ನೆಲದ ಅರ್ಥಿಂಗ್ ಗುಂಡಿಯವರೆಗೆ ಹೋಗಿರುವುದಿಲ್ಲ. ಬರಿಗಾಲಲ್ಲಿ ನೀರಿಗಿಳಿದು ಮಷಿನ್ ಮುಟ್ಟುವವರು ಮತ್ತದೇ ಹೆಣ್ಣುಮಕ್ಕಳು. 230 ವೋಲ್ಟಿನ ಕರೆಂಟು ಪೈಪಿನ ಬೆಲೆ ಕೇಳುವುದಿಲ್ಲ. ಮಷಿನ್ ಇರುವ ಮನೆಯಲ್ಲಿ ನಿಜವಾದ ಅರ್ಥಿಂಗ್ ಇರಬೇಕು, 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಬೇಕು. ನೆಲದಲ್ಲಿ ನೀರು ಕಂಡರೆ ಮೊದಲು ಮೇನ್ ಇಳಿಸಿ, ಆಮೇಲೆ ಕಾಲಿಡಬೇಕು.

ಕೊನೆಯ ತಕರಾರು: "ಅದು ಮೆಕ್ಯಾನಿಕ್ ಕೆಲಸ, ನಮಗ ಬರಂಗಿಲ್ಲ." ಕೊಹಿನೂರಿಗೆ ಮೆಕ್ಯಾನಿಕ್ ಬರಬೇಕೆಂದರೆ ಬಸವಕಲ್ಯಾಣದಿಂದಲೋ ಹುಮನಾಬಾದಿನಿಂದಲೋ ಬರಬೇಕು. ಇಂದು ಫೋನು ಮಾಡಿದರೆ ನಾಳಿದ್ದು ಎನ್ನುತ್ತಾರೆ, ಬಂದು ಹೋದದ್ದಕ್ಕೇ ಪೈಪಿನಷ್ಟು ದುಡ್ಡು ಕೇಳುತ್ತಾರೆ. ಈ ಕೆಲಸಕ್ಕೆ ಅವರ ಅಗತ್ಯವೇ ಇಲ್ಲ. ಮಾಡುವ ಬಗೆ ಇದು.

ಮೊದಲು ಪ್ಲಗ್ ಕೀಳಬೇಕು, ನಳ ಬಂದ್ ಮಾಡಬೇಕು. ನಟ್ಟಿನ ಕೆಳಗೆ ಬಕೆಟ್ ಇಟ್ಟು ಬಿಚ್ಚಬೇಕು. ಪೈಪಿನೊಳಗೆ ಉಳಿದ ನೀರು ಅದಕ್ಕೆ ಬೀಳುತ್ತದೆ. ಸುಣ್ಣ ಹಿಡಿದು ನಟ್ಟು ಕದಲದಿದ್ದರೆ ಪಾನಾ ಹಾಕಿ ಜಗ್ಗಬಾರದು, ಒಳಗಿನ ವಾಲ್ವಿನ ಬಾಯಿ ಪ್ಲಾಸ್ಟಿಕ್ಕಿನದು, ಮುರಿದರೆ ಖರ್ಚು ಹತ್ತು ಪಟ್ಟು. ಲಿಂಬೆರಸದಲ್ಲೋ ವಿನೆಗರಿನಲ್ಲೋ ಅದ್ದಿದ ಬಟ್ಟೆಯನ್ನು ಅರ್ಧ ತಾಸು ಸುತ್ತಿಟ್ಟರೆ ಸುಣ್ಣ ಸಡಿಲುತ್ತದೆ. ಪೈಪು ಬಿಚ್ಚಿದ ಮೇಲೆ ವಾಲ್ವಿನ ಬಾಯಲ್ಲಿ ಕಾಣುವ ಜಾಳಿಗೆಯನ್ನು ಮೆಲ್ಲಗೆ ಎಳೆದು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆಯಬೇಕು. ನೀರು ನಿಧಾನ ಬರುತ್ತದೆ ಎಂಬ ದೂರು ಎಷ್ಟೋ ಸಲ ಇಲ್ಲೇ ತೀರುತ್ತದೆ.

ಹೊಸ ಪೈಪಿನ ನಟ್ಟಿನೊಳಗೆ ರಬ್ಬರ್ ವಾಷರು ಸರಿಯಾಗಿ ಕೂತಿದೆಯೇ ನೋಡಬೇಕು. ನೀರನ್ನು ತಡೆಯುವುದು ಆ ವಾಷರು, ಎಳೆಗಳಲ್ಲ. ಹೀಗಾಗಿ ಮಷಿನ್ ಕಡೆಯ ನಟ್ಟಿಗೆ ಟೆಫ್ಲಾನ್ ಟೇಪು ಬೇಡ. ಟೇಪು ಬೇಕಾದದ್ದು ನಳವನ್ನು ಗೋಡೆಯ ಪೈಪಿಗೆ ಕೂರಿಸುವ ಕಡೆ. ನಟ್ಟನ್ನು ಕೈಯಿಂದಲೇ ನೇರಕ್ಕೆ ಹಿಡಿದು ತಿರುಗಿಸಬೇಕು, ಎಳೆ ಅಡ್ಡ ಹತ್ತಿದರೆ ಬಿಚ್ಚಿ ಮತ್ತೆ ಕೂರಿಸಬೇಕು, ಪ್ಲಾಸ್ಟಿಕ್ ನಟ್ಟಿಗೆ ಕೈಬಿಗಿ ಸಾಕು. ನಾಲ್ಕು ಸ್ಕ್ರೂಗಳ ಕಪ್ಲಿಂಗ್ ಇದ್ದರೆ ಅದಕ್ಕೆ ಶಾಶ್ವತವಾಗಿ ವಿದಾಯ ಹೇಳಿ, ಎಳೆಯಿರುವ ವಾಷಿಂಗ್ ಮಷಿನ್ ನಳವನ್ನು ಹಾಕಿಸುವುದು ಒಳ್ಳೆಯದು. ಆಮೇಲೆ ನಳ ನಿಧಾನ ತೆರೆದು, ಕೀಲಿನ ಕೆಳಗೆ ಒಣ ಕಾಗದ ಒತ್ತಿ ನೋಡಬೇಕು. ಒಂದು ಹನಿ ತಾಗಿದರೂ ಕಾಗದ ಹೇಳುತ್ತದೆ. ಮಷಿನನ್ನು ಹಿಂದಕ್ಕೆ ತಳ್ಳುವಾಗ ಪೈಪು ಮಡಿಯದಂತೆ ಗೋಡೆಗೂ ಅದಕ್ಕೂ ನಾಲ್ಕು ಬೆರಳು ಜಾಗ ಬಿಡಬೇಕು. ಕೊನೆಗೆ ಅಳಿಸದ ಪೆನ್ನಿನಿಂದ ಪೈಪಿನ ಮೇಲೆ ತಿಂಗಳು, ವರ್ಷ ಬರೆಯಬೇಕು. ಮರುದಿನ ಮತ್ತೊಮ್ಮೆ ಕಾಗದ ಒತ್ತಿ ನೋಡಿದರೆ ಕೆಲಸ ಮುಗಿಯಿತು. ಇದರಲ್ಲಿ ಮನೆಯವರ ಕೈಗೆ ಮೀರಿದ್ದು ಯಾವುದಿದೆ?

ಮಾಡಲಾಗದ್ದೇನೂ ಇಲ್ಲದ ಮೇಲೂ ಮಾಡುವುದಿಲ್ಲವೆಂದರೆ ಅದಕ್ಕೆ ಕಾರಣ ಒಂದೇ. ಬಟ್ಟೆ ಒಗೆಯುವುದನ್ನು ನಾವು ಕೆಲಸವೆಂದು ಎಣಿಸಿಲ್ಲ, ಹೀಗಾಗಿ ಒಗೆಯುವ ಸಾಧನವನ್ನು ಸಾಧನವೆಂದು ಎಣಿಸಿಲ್ಲ. ಹೊಲದ ಮೋಟಾರಿಗೆ, ಟ್ರ್ಯಾಕ್ಟರಿಗೆ, ಬೈಕಿಗೆ ಹೊತ್ತು ಹೊತ್ತಿಗೆ ಎಣ್ಣೆ, ಬೆಲ್ಟು, ಫಿಲ್ಟರು. ಮಷಿನ್‌ಗೆ ಮಾತ್ರ ಒಡೆಯುವ ತನಕ ಏನೂ ಇಲ್ಲ. ಇದು ನಡೆಯುತ್ತಿರುವುದು ಎಲ್ಲಿ? ಹನ್ನೆರಡನೆಯ ಶತಮಾನದಲ್ಲಿ ದೇವರ ಹಿಪ್ಪರಗಿಯಿಂದ ಬಂದ ಮಡಿವಾಳ ಮಾಚಿದೇವರು ಬಟ್ಟೆ ಒಗೆಯುವ ಕಾಯಕ ಮಾಡುತ್ತಲೇ ಶರಣರ ಮುಂದಿನ ಸಾಲಿನಲ್ಲಿ ನಿಂತ ಕಲ್ಯಾಣದ ನೆಲದಲ್ಲಿ. ಒಗೆಯುವ ಕಾಯಕಕ್ಕೆ ಆ ಮಾನ ಕೊಟ್ಟ ನೆಲದಲ್ಲಿ ಇಂದು ಒಗೆಯುವವರ ಶ್ರಮಕ್ಕೆ ಒಂದು ಪೈಪಿನ ಬೆಲೆಯೂ ಇಲ್ಲ ಎನ್ನುವುದನ್ನು ಜಯಂತಿಯ ಮೆರವಣಿಗೆಯಲ್ಲಿ ನಡೆಯುವವರು ಯೋಚಿಸಬೇಕು.

ಮಾಡಬೇಕಾದದ್ದು ಹೆಚ್ಚೇನಿಲ್ಲ. ಮಷಿನ್ ಮಾರುವ ಅಂಗಡಿಯವರು ಬಿಲ್ಲಿನ ಮೇಲೆ ಪೈಪು ಬದಲಿಸುವ ವರ್ಷವನ್ನು ಬರೆದುಕೊಡಲಿ. ರಿಪೇರಿಗೆ ಬಂದ ಹುಡುಗರು ಹಿಚುಕಿ ನೋಡುವುದನ್ನು ಬಿಟ್ಟು, "ಅಕ್ಕಾ, ಇದು ಯಾವ ವರ್ಷದ್ದು?" ಎಂದು ಕೇಳಲಿ. ಸ್ತ್ರೀಶಕ್ತಿ ಸಂಘಗಳ ವಾರದ ಸಭೆಯಲ್ಲಿ ಒಮ್ಮೆ ಒಂದು ಮಷಿನ್ ಎದುರಿಗಿಟ್ಟು ಪೈಪು ಬಿಚ್ಚಿ ಹಾಕುವುದನ್ನು ತೋರಿಸಲಿ. ಅರ್ಧ ತಾಸಿನಲ್ಲಿ ಇಡೀ ಓಣಿ ಕಲಿಯುತ್ತದೆ. ನೀರು ಬಿಡುವ ವಾಟರ್‌ಮನ್ ಮೇಲೆ, ಪಂಚಾಯಿತಿಯ ಮೇಲೆ ನೀರು ಸಾಲದೆಂದು ಕೂಗುವ ನಮಗೆ ನಮ್ಮದೇ ಬಚ್ಚಲ ಹಿಂದಿನ ಸೋರಿಕೆಗೆ ಉತ್ತರ ಕೊಡುವ ಹೊಣೆಯೂ ಇದೆ.

ಮನೆಯ ಗಂಡಸರಿಗೆ ಹೇಳುವುದು ಇಷ್ಟು. ನಿಮ್ಮ ಮನೆಯ ಮಷಿನ್ ಕೊಂಡು ಐದು ವರ್ಷ ದಾಟಿದ್ದರೆ, ಪೈಪು ಹೊಸದರಂತೆ ಕಂಡರೂ ಈ ವಾರವೇ ತೆಗೆಯಿರಿ. ಅದು ಇನ್ನೂ ಎರಡು ವರ್ಷ ಬಾಳಬಹುದಿತ್ತು ಎಂದು ಯಾರಾದರೂ ಹೇಳಿದರೆ, ಬಾಳದಿದ್ದರೆ ನೀರು ಬಳಿಯಲು ಅವರು ಬರುತ್ತಾರೆಯೇ ಎಂದು ಕೇಳಿ. ಬರುವುದಿಲ್ಲ ಎಂದಾದರೆ ಆ ಪೈಪಿನ ವಿಷಯದಲ್ಲಿ ಅವರ ಮಾತಿಗೆ ಬೆಲೆಯಿಲ್ಲ. ಮಾತು ನಡೆಯಬೇಕಾದದ್ದು ದಿನವೂ ಆ ಮಷಿನ್ ಮುಂದೆ ನಿಲ್ಲುವವರದ್ದು. ಅವರು ಬದಲಿಸಬೇಕು ಎಂದ ದಿನ ಬದಲಿಸಿ.